ಚೀಟಿ ಬರೆಯುವ ಮುಂಚಿನ ಮಾತು

ನೆಗಡಿ, ಕೆಮ್ಮು, ಗಂಟಲು ನೋವು ಬಹುಪಾಲು ವೈರಸ್‌ನಿಂದ ಬರುತ್ತವೆ, ಅವಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಇದು ಗೊತ್ತಿಲ್ಲದ ಡಾಕ್ಟರ್ ಯಾರೂ ಇಲ್ಲ. ಆದರೂ ಬರೆಯುತ್ತೇವೆ. ಹೊರಗೆ ಜನ ಕಾಯುತ್ತಿರುತ್ತಾರೆ. ಬೇಡ ಅಂತ ವಿವರಿಸಿ ಹೇಳುವುದಕ್ಕಿಂತ ಬರೆದುಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಅಲ್ವಾ? ಜನರಲ್ ಪ್ರಾಕ್ಟೀಸ್‌ನಲ್ಲಿ ಆಂಟಿಬಯೋಟಿಕ್ ಕಡಿಮೆ ಮಾಡಲು ಹೊರಟಾಗ ನಾನು ಹೊಸದಾಗಿ ಓದಿದ್ದು ಕಡಿಮೆ. ರೋಗಿಯ ಜೊತೆ ಮಾತಾಡುವ ರೀತಿಯನ್ನು ಬದಲಾಯಿಸಿಕೊಂಡಿದ್ದೇ ಜಾಸ್ತಿ.

"ಡಾಕ್ಟ್ರೇ, ಸ್ವಲ್ಪ ಪವರ್ ಇರೋ ಮಾತ್ರೆ ಕೊಡಿ" ಅಂದರೆ ಆಂಟಿಬಯೋಟಿಕ್ ಕೇಳುತ್ತಿದ್ದಾರೆ ಅಂತ ನಮಗೆ ಅನ್ನಿಸಿಬಿಡುತ್ತದೆ. ನಾನು ಈಗ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: "ಯಾವುದಕ್ಕೆ ಜಾಸ್ತಿ ಭಯ ಆಗ್ತಿದೆ?" ಒಬ್ಬರಿಗೆ ನಿಮೋನಿಯಾ ಆಗಿಬಿಟ್ಟಿದೆಯೇನೋ ಅನ್ನುವ ಭಯ. ಇನ್ನೊಬ್ಬರಿಗೆ ರಾತ್ರಿಯಿಡೀ ಕೆಮ್ಮಿ ನಿದ್ದೆಯಿಲ್ಲ, ಅಷ್ಟೇ. ಮೊದಲನೆಯವರಿಗೆ ಬೇಕಾದ್ದು ಸರಿಯಾದ ಪರೀಕ್ಷೆ, ಎರಡನೆಯವರಿಗೆ ನಿದ್ದೆ ಬರುವ ದಾರಿ. ಆಂಟಿಬಯೋಟಿಕ್ಕೇ ಬೇಕು ಅಂತ ಪಟ್ಟು ಹಿಡಿಯುವವರು ನಾವು ಅಂದುಕೊಂಡಷ್ಟು ಜನ ಇರುವುದಿಲ್ಲ.

ಪರೀಕ್ಷೆ ಮಾಡುವಾಗ ಸುಮ್ನೆ ಇರುವುದನ್ನು ಬಿಟ್ಟೆ. ಬೆನ್ನ ಮೇಲೆ ಸ್ಟೆತಸ್ಕೋಪ್ ಇಟ್ಟು, ಕಂಡದ್ದನ್ನು ಅಲ್ಲೇ ಹೇಳುತ್ತಾ ಹೋಗುತ್ತೇನೆ. "ಬಲಗಡೆ ಚೆನ್ನಾಗಿದೆ. ಇನ್ನೊಂದು ಸಲ ಜೋರಾಗಿ ಉಸಿರು ಎಳೆಯಿರಿ. ಎಡಗಡೆ ಕೆಳಗಿನವರೆಗೂ ಗಾಳಿ ಸರಿಯಾಗಿ ಹೋಗ್ತಿದೆ. ಆಕ್ಸಿಜನ್ 98 ಇದೆ, ಉಸಿರಾಟದ ವೇಗವೂ ಸರಿಯಾಗಿದೆ." ಶರ್ಟಿನ ಗುಂಡಿ ಹಾಕಿಕೊಳ್ಳುವ ಹೊತ್ತಿಗೆ ನಿಮೋನಿಯಾ ಇಲ್ಲ ಅನ್ನುವುದು ಅವರಿಗೇ ಹೊಳೆದಿರುತ್ತದೆ. ಆಮೇಲೆ ಆಂಟಿಬಯೋಟಿಕ್ ಬೇಡ ಅಂದರೆ ಕೈಬಿಟ್ಟಂತೆ ಅನ್ನಿಸುವುದಿಲ್ಲ. "ಆದರೆ ಕಫ ಹಸಿರಾಗಿದೆಯಲ್ಲ?" ಅಂತ ಕೇಳುವವರು ಬೇಕಾದಷ್ಟು ಜನ. ಆ ಹಸಿರು ಬರುವುದು ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವದಿಂದ. ಶ್ವಾಸಕೋಶ ಆರೋಗ್ಯವಾಗಿರುವವರಲ್ಲಿ ಬಣ್ಣವೊಂದನ್ನೇ ನೋಡಿ ಬ್ಯಾಕ್ಟೀರಿಯಾ ಇದೆ ಅಂತ ಹೇಳಲು ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ದಿನಗಳ ಲೆಕ್ಕ. ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಅಂತ ಜನ ಅಂದುಕೊಂಡಿರುತ್ತಾರೆ. ನಿಜಕ್ಕೂ ಅದು 3 ವಾರ ಎಳೆಯಬಹುದು. ಗಂಟಲು ನೋವಿಗೆ ಸುಮಾರು ಒಂದು ವಾರ, ನೆಗಡಿಗೆ 10 ದಿನ. ಇದನ್ನು ಮೊದಲೇ ಹೇಳದಿದ್ದರೆ ಎಂಟನೇ ದಿನ "ಮಾತ್ರೆ ಹಿಡೀಲಿಲ್ಲ" ಅಂತ ವಾಪಸ್ ಬರುತ್ತಾರೆ. ಐದನೇ ದಿನ ಆಂಟಿಬಯೋಟಿಕ್ ಶುರು ಮಾಡಿದರೆ, ತಾನಾಗಿಯೇ ಇಳಿಯುತ್ತಿದ್ದ ಕಾಯಿಲೆಯ ಹೆಸರೆಲ್ಲ ಮಾತ್ರೆಗೆ ಹೋಗುತ್ತದೆ, ಸ್ವಲ್ಪ ಡಾಕ್ಟರ ಕೈಗುಣಕ್ಕೂ! ಹಾಗಾಗಿ ಎಷ್ಟು ದಿನ ಇರುತ್ತದೆ ಅನ್ನುವುದನ್ನು ಚೀಟಿಯಲ್ಲೇ ಬರೆಯುತ್ತೇನೆ. ಅದರ ಕೆಳಗೆ, ಯಾವಾಗ ಕಾಯದೆ ಬರಬೇಕು ಅನ್ನುವುದು: ಏದುಸಿರು, ಉಸಿರೆಳೆದಾಗ ಎದೆ ನೋವು, ಕಫದಲ್ಲಿ ರಕ್ತ, ಇಳಿದ ಜ್ವರ ಮತ್ತೆ ಏರುವುದು, ಮಗು ಏನೂ ಕುಡಿಯದೆ ಮಂಕಾಗಿರುವುದು.

ಪರೀಕ್ಷೆಯಲ್ಲಿ ಗಾಬರಿಯಾಗುವಂಥದ್ದು ಏನೂ ಸಿಗದೆ, ಆದರೂ ಅನುಮಾನ ಉಳಿದಾಗ ಮುಂದಿನ ತಾರೀಕು ಹಾಕಿದ ಚೀಟಿ ಕೊಡುತ್ತೇನೆ. "ಗುರುವಾರದ ಹೊತ್ತಿಗೆ ಕಡಿಮೆ ಆಗಲಿಲ್ಲ ಅಂದ್ರೆ ಮಾತ್ರೆ ತಗೊಳ್ಳಿ. ಅದಕ್ಕೂ ಮುಂಚೆ ಜಾಸ್ತಿ ಆದ್ರೆ ನನ್ನ ಹತ್ತಿರ ಬನ್ನಿ." ಇಂಥ ಚೀಟಿ ಪಡೆದ ಬಹಳ ಜನ ಮಾತ್ರೆ ತೆಗೆದುಕೊಳ್ಳುವುದೇ ಇಲ್ಲ. ಆದರೆ ದಿನ ಹೇಳದೆ ಬರೀ "ಬೇಕಾದ್ರೆ ತಗೊಳ್ಳಿ" ಅಂದರೆ ಇದು ನಡೆಯುವುದಿಲ್ಲ. ಮನೆಗೆ ಹೋಗುತ್ತಲೇ ಒಂದು ನುಂಗಿಬಿಡುತ್ತಾರೆ.

ಬರೆಯಲೇಬೇಕಾದಾಗ ಯಾವುದನ್ನು ಬರೆಯುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಆಕ್ಸೆಸ್ (ಮೊದಲ ಆಯ್ಕೆಯವು), ವಾಚ್ (ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುವ ಅಪಾಯ ಹೆಚ್ಚಿರುವುದರಿಂದ ಎಚ್ಚರದಿಂದ ಬಳಸಬೇಕಾದವು), ರಿಸರ್ವ್ (ಕೊನೆಯ ಅಸ್ತ್ರವಾಗಿ ಉಳಿಸಿಕೊಳ್ಳಬೇಕಾದವು) ಅಂತ ಮೂರು ಗುಂಪು ಮಾಡಿತು. ಅಮಾಕ್ಸಿಸಿಲಿನ್ ಆಕ್ಸೆಸ್‌ನಲ್ಲಿದೆ. ದಿನಕ್ಕೊಂದೇ ಮಾತ್ರೆ, ಮೂರೇ ದಿನ ಅನ್ನುವ ಅನುಕೂಲಕ್ಕೆ ನಮ್ಮ ಪೆನ್ನು ತಾನಾಗಿ ಹರಿಯುವ ಅಜಿತ್ರೋಮೈಸಿನ್ ವಾಚ್‌ನಲ್ಲಿದೆ. ಗಂಟಲು ನೋವಿಗೆ ನಾನು ಸೆಂಟೋರ್ ಸ್ಕೋರ್ ನೋಡುತ್ತೇನೆ, ನೋವು ಬ್ಯಾಕ್ಟೀರಿಯಾದಿಂದ ಬಂದಿರಬಹುದಾ ಅಂತ ಅಂದಾಜು ಮಾಡುವ ನಾಲ್ಕು ಅಂಶಗಳ ಲೆಕ್ಕ ಅದು: ಜ್ವರ, ಟಾನ್ಸಿಲ್ ಮೇಲೆ ಬಿಳಿ ಪದರ, ಕತ್ತಿನ ಮುಂಭಾಗದಲ್ಲಿ ನೋಯುವ ಗಂಟು, ಕೆಮ್ಮು ಇಲ್ಲದಿರುವುದು. ನಾಲ್ಕರಲ್ಲಿ ಒಂದೇ ಇದ್ದರೆ ಆಂಟಿಬಯೋಟಿಕ್ ಮಾತೇ ಇಲ್ಲ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಜಾತಿಯದೇ ಆದ್ದರಿಂದ, ಪೆನಿಸಿಲಿನ್ ಅಲರ್ಜಿ ಇದೆ ಅಂದವರನ್ನು ಏನಾಗಿತ್ತು, ಯಾವಾಗ ಆಗಿತ್ತು ಅಂತ ಬಿಡಿಸಿ ಕೇಳುತ್ತೇನೆ. ಚಿಕ್ಕಂದಿನಲ್ಲಿ ಹೊಟ್ಟೆ ಕೆಟ್ಟಿದ್ದೂ ಎಷ್ಟೋ ಸಲ ಅಲರ್ಜಿ ಅಂತ ದಾಖಲಾಗಿರುತ್ತದೆ.

ಒಬ್ಬರೇ ಮಾಡಿದರೆ ಇದು ನಿಲ್ಲುವುದಿಲ್ಲ. ನಾನು ಬೇಡ ಅಂದದ್ದನ್ನು ಪಕ್ಕದ ರೂಮಿನವರು ಬರೆದುಕೊಟ್ಟರೆ ರೋಗಿ ನಂಬುವುದು ಅವರನ್ನೇ. ಅದಕ್ಕೆ ನಾವು ಆಗಾಗ ಒಬ್ಬರ ಚೀಟಿಗಳನ್ನು ಇನ್ನೊಬ್ಬರು ನೋಡುತ್ತೇವೆ. ಆಂಟಿಬಯೋಟಿಕ್ ಪಕ್ಕದಲ್ಲಿ ಕಾರಣ ಬರೆದಿದೆಯಾ ಅನ್ನುವುದೊಂದೇ ನೋಟ. ಕಾರಣ ಬರೆಯಬೇಕು ಅಂದ ತಕ್ಷಣ ಕೈ ಒಂದು ಕ್ಷಣ ತಡೆಯುತ್ತದೆ, ಅಷ್ಟು ಸಾಕು. ಪಾಳಿ ಮುಗಿಯುವ ಹೊತ್ತಿಗೆ ಬರೆದ ಚೀಟಿಗಳನ್ನು ಬೇರೆಯಾಗಿ ನೋಡುತ್ತೇವೆ, ಸುಸ್ತಾದಾಗ ಯಾರೇ ಆದರೂ ಬರೆಯುವುದು ಜಾಸ್ತಿ.

ಈ ನೋಟದಲ್ಲಿ ಇನ್ನೊಂದು ಕಡೆಯನ್ನೂ ಹುಡುಕುತ್ತೇವೆ: ಬರೆಯಬೇಕಿತ್ತು, ಬರೆಯಲಿಲ್ಲ ಅನ್ನುವಂಥದ್ದು. ಸಿಒಪಿಡಿ (ಉಸಿರಾಟದ ದಾರಿ ಕಿರಿದಾಗುವ, ವರ್ಷಗಟ್ಟಲೆ ಉಳಿಯುವ ಶ್ವಾಸಕೋಶದ ಕಾಯಿಲೆ) ಇರುವ ವಯಸ್ಸಾದವರಿಗೆ ಉಬ್ಬಸ ಜಾಸ್ತಿಯಾಗಿ, ಕಫ ಹೆಚ್ಚಿ, ಅದು ಕೀವಿನಂತಾಗಿದ್ದರೆ ಅಲ್ಲಿ ಬಣ್ಣಕ್ಕೆ ಬೆಲೆ ಇದೆ. ಅವರಿಗೆ ನಾನು ಗುರುವಾರದವರೆಗೆ ಕಾಯಲು ಹೇಳುವುದಿಲ್ಲ, ಅವತ್ತೇ ಶುರು ಮಾಡುತ್ತೇನೆ.