ಬಿಡದ ತಂತಿ: ಕೆಳಸಾಲಿನ ರಿಟೇನರ್‌ನಲ್ಲಿ ನನ್ನ ಅನುಭವ

ಬ್ರೇಸಸ್‌ನಿಂದ ನೇರವಾದ ಹಲ್ಲು ಮತ್ತೆ ಕದಲದಂತೆ ಹಿಡಿದಿಡುವುದೇ ರಿಟೇನರ್. ಬ್ರೇಸಸ್ ಬಿಚ್ಚಿದ ಮೇಲೆ ಅದಕ್ಕಾಗಿ ಕೆಳಸಾಲಿನ ಮುಂಬಲ್ಲುಗಳ ಹಿಂದೆ ತಂತಿ ಅಂಟಿಸುವುದು ಬೇಡದ ತಲೆನೋವು, ರೋಗಿಯೇ ತೆಗೆದು ಮತ್ತೆ ಹಾಕಿಕೊಳ್ಳುವ ಪ್ಲೇಟ್ ಕೊಟ್ಟು ಕಳಿಸಿಬಿಡಿ ಎಂದು ಜೊತೆಯ ವೈದ್ಯರು ಹೇಳುತ್ತಲೇ ಇದ್ದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆರಂಭದಲ್ಲಿ ನಾನು ಅಂಟಿಸಿದ ತಂತಿಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ವರ್ಷ ತುಂಬುವ ಮೊದಲೇ ಯಾವುದಾದರೂ ಹಲ್ಲಿನಿಂದ ಬಿಟ್ಟುಕೊಳ್ಳುತ್ತಿತ್ತು. ಮರಳಿ ಅಂಟಿಸಲು ಹಣ ಕೇಳುವುದಕ್ಕೆ ಬಾಯಿ ಬರುವುದಿಲ್ಲ. ಅರ್ಧ ಗಂಟೆಯ ಕೆಲಸ ಪುಕ್ಕಟೆ. ಅದಕ್ಕಿಂತ ಕೆಟ್ಟದ್ದೆಂದರೆ, ಒಂದೇ ಹಲ್ಲಿನಲ್ಲಿ ಬಿಟ್ಟರೆ ರೋಗಿಗೆ ಗೊತ್ತೇ ಆಗುವುದಿಲ್ಲ. ತಂತಿ ಇದ್ದಲ್ಲೇ ಇರುತ್ತದೆ, ಹಲ್ಲು ಸದ್ದಿಲ್ಲದೆ ತಿರುಗಿಕೊಳ್ಳುತ್ತದೆ.

ನಡುವೆ ಗಾಜಿನ ನಾರಿನ ಪಟ್ಟಿಯನ್ನೂ ಹಾಕಿ ನೋಡಿದೆ. ನೋಟಕ್ಕೆ ಚೆಂದ, ಬೆಲೆ ತಂತಿಯ ಹಲವು ಪಟ್ಟು. ಹಲ್ಲುಗಳ ಸಹಜ ಅಲುಗಾಟಕ್ಕೆ ಬಗ್ಗದೆ ನಡುವೆಯೇ ಸೀಳಿತು. ಉಳಿದದ್ದು ಕಪಾಟಿನಲ್ಲಿ ಬಿದ್ದಿದೆ.

ಈಗ ಬ್ರಾಕೆಟ್ (ಹಲ್ಲಿಗೆ ಅಂಟಿಸಿದ ಬ್ರೇಸಸ್‌ನ ತುಣುಕು) ಬಿಚ್ಚುವ ಮೊದಲೇ, ಅವುಗಳ ಮೂಲಕ ಹಾಯುವ ಆರ್ಚ್‌ವೈರ್ ಎಂಬ ತಂತಿ ಹಲ್ಲುಗಳನ್ನು ಹಿಡಿದಿರುವಾಗಲೇ ರಿಟೇನರ್ ತಂತಿಯನ್ನು ಅಂಟಿಸಿಬಿಡುತ್ತೇನೆ. 0.0175 ಇಂಚಿನ ಹೆಣೆದ ತಂತಿ ರೋಗಿಯ ಹಲ್ಲುಗಳ ಅಚ್ಚಿನ ಮೇಲೆ ಕೋರೆಯಿಂದ ಕೋರೆಗೆ ಬೆರಳಿನ ಒತ್ತಡವಿಲ್ಲದೆ ಕೂರಬೇಕು. ಒತ್ತಿ ಹಿಡಿದು ಅಂಟಿಸಿದರೆ ಅದು ಸ್ಪ್ರಿಂಗಿನ ಕೆಲಸ ಶುರು ಮಾಡುತ್ತದೆ. ಬೇರೆಲ್ಲೋ ಅಂಟಿಸಿಕೊಂಡು ಬಂದ ಒಬ್ಬರಲ್ಲಿ ಕೋರೆಹಲ್ಲಿನ ಬೇರು ವಸಡಿನಡಿ ಉಬ್ಬಿ ನಿಂತದ್ದನ್ನು ಕಂಡಿದ್ದೇನೆ.

ಗೆಲುವು ಸೋಲು ನಿರ್ಧಾರವಾಗುವುದು ಒಣಗಿಸುವಲ್ಲಿ. ಜೊಲ್ಲುಗ್ರಂಥಿಯ ನಾಳ ಬಾಯ್ತೆರೆಯುವುದೇ ಆ ಹಲ್ಲುಗಳ ಹಿಂದೆ, ನಾಲಿಗೆಯಡಿ. ಕಿಟ್ಟ ತೆಗೆದು, ಪ್ಯೂಮಿಸ್ ಕಲ್ಲಿನ ಪುಡಿಯಿಂದ ಉಜ್ಜಿ, 37% ಫಾಸ್ಫಾರಿಕ್ ಆಮ್ಲವನ್ನು 30 ಸೆಕೆಂಡು ಬಿಟ್ಟು ತೊಳೆದು ಒಣಗಿಸಿದರೆ ಹಲ್ಲಿನ ಹೊರಪದರವಾದ ಎನಾಮೆಲ್ ಸೀಮೆಸುಣ್ಣದಂತೆ ಬಿಳಿಚಿಕೊಳ್ಳಬೇಕು. ಆರರಲ್ಲಿ ಒಂದು ಹೊಳೆದರೂ ಜೊಲ್ಲು ತಾಗಿದೆ ಎಂದೇ ಲೆಕ್ಕ; ಅದೊಂದಕ್ಕೆ ಮತ್ತೆ ಆಮ್ಲ. ನಾಲಿಗೆಯನ್ನು ದೂರವಿಡಲು ನನ್ನದೊಂದು ಉಪಾಯವಿದೆ. ಅದು ನನ್ನಲ್ಲೇ ಇರಲಿ.

ಮೇಲ್ಸಾಲಿಗೆ ತಂತಿಯ ಗೊಡವೆಯಿಲ್ಲ, ಕೆಳಹಲ್ಲು ಬಡಿದು ಕಿತ್ತುಹಾಕುತ್ತದೆ. ಅಲ್ಲಿಗೆ ರಾತ್ರಿ ಧರಿಸುವ ಪಾರದರ್ಶಕ ಪ್ಲೇಟ್. ಅದನ್ನು ಮಾಡುವ ಹಾಳೆಯ ದಪ್ಪ 0.75 ಮಿ.ಮೀ. ಇದ್ದರೆ ಸಾಕೇ ಎಂದು ಕೆಲವರಿಗೆ ಕೊಟ್ಟು ನೋಡಿದೆ. ಹಲ್ಲು ಕಡಿಯುವವರ ಬಾಯಲ್ಲಿ ಕೆಲವೇ ತಿಂಗಳಲ್ಲಿ ದವಡೆಯ ಕಡೆ ತೂತು. 1 ಮಿ.ಮೀ.ಗೆ ಮರಳಿದೆ. ತುಂಬಾ ತಿರುಗಿದ್ದ ಹಲ್ಲಾದರೆ ಅದನ್ನು ಹಳೆಯ ಜಾಗಕ್ಕೆ ಎಳೆಯುವ ವಸಡಿನ ಮೇಲ್ನಾರುಗಳನ್ನೂ ಕತ್ತರಿಸುತ್ತೇನೆ. ಆ ನಾರುಗಳು ಹೊಸ ಜಾಗಕ್ಕೆ ಒಗ್ಗಲು ವರ್ಷ ಹಿಡಿಯುತ್ತದೆ, ಕಾಯುತ್ತಾ ಕೂರುವುದೇಕೆ?

ತಂತಿ ಬಿಟ್ಟುಕೊಳ್ಳುವ ಪ್ರಮಾಣ ಈಗ ಹನ್ನೆರಡಕ್ಕೊಂದು ಇರಬಹುದು. ಹೆಚ್ಚುವರಿ ಪ್ಲೇಟ್ ಮತ್ತು ಎರಡು ವರ್ಷದ ತಪಾಸಣೆಯ ಖರ್ಚನ್ನು ಮೊದಲ ದಿನದ ಲೆಕ್ಕದಲ್ಲೇ ಸೇರಿಸುತ್ತೇನೆ, ಹಾಗಾಗಿ ಚೌಕಾಸಿಯಿಲ್ಲ. ಪ್ಲೇಟ್ ಸಾಕೆಂದು ಹೇಳುತ್ತಿದ್ದವರಲ್ಲಿ ಇಬ್ಬರು ತಂತಿಗೆಂದೇ ತಮ್ಮ ರೋಗಿಗಳನ್ನು ನನ್ನ ಬಳಿ ಕಳಿಸುತ್ತಾರೆ, ಬ್ರಾಕೆಟ್ ಬಿಚ್ಚದೆ.