ಸವೆದ ಮಂಡಿಯನ್ನು ನೋಡಿಕೊಳ್ಳುವ ಬಗೆ

ಐವತ್ತು ದಾಟಿದವರಿಗೆ ಬಹಳ ಹೊತ್ತು ಕುಳಿತು ಏಳುವಾಗ ಮಂಡಿ ಹಿಡಿದುಕೊಂಡು, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತಿದ್ದರೆ, ಮೆಟ್ಟಿಲು ಇಳಿಯುವಾಗ ನೋವು ಹೆಚ್ಚುತ್ತಿದ್ದರೆ, ಅದಕ್ಕೆ ಬಹುಮಟ್ಟಿಗೆ ಆಸ್ಟಿಯೋ ಆರ್ಥ್ರೈಟಿಸ್, ಅಂದರೆ ಕೀಲಿನ ಸವೆತವೇ ಕಾರಣವಾಗಿರುತ್ತದೆ. ಇಂಥ ನೋವು ಕಾಣಿಸಿಕೊಂಡ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ಓಡಾಟ. ಅದು ಮಂಡಿಗೆ ಮಾಡುವ ದೊಡ್ಡ ಅನ್ಯಾಯ.

ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಹೆಜ್ಜೆ ಊರಿದಾಗ ಅದರ ಮೇಲೆ ಒತ್ತಡ ಬಿದ್ದು, ಎತ್ತಿದಾಗ ಆ ಒತ್ತಡ ಸಡಿಲವಾಗುವ ಕ್ರಮದಲ್ಲಿಯೇ ಕೀಲಿನೊಳಗಿನ ದ್ರವದಿಂದ ಅದಕ್ಕೆ ಪೋಷಣೆ ದೊರೆಯುತ್ತದೆ. ಓಡಾಟ ನಿಂತರೆ ಆ ಪೋಷಣೆ ಕುಂದುವುದಲ್ಲದೆ, ತೊಡೆಯ ಮುಂಭಾಗದ ಸ್ನಾಯುಗಳು ಕೆಲವೇ ವಾರಗಳಲ್ಲಿ ಸೊರಗಿ, ಅವು ಹೊರಬೇಕಾದ ಭಾರವೂ ಕೀಲಿನ ಮೇಲೆಯೇ ಬೀಳುತ್ತದೆ.

ಆರಂಭಿಸುವ ಮುನ್ನ ನೋವು ಸವೆತದ್ದೇ ಎಂದು ಖಚಿತಪಡಿಸಿಕೊಳ್ಳಿ. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಕಾಲ ಉಳಿದು, ಕೈಬೆರಳಿನ ಗಿಣ್ಣುಗಳೂ ಊದಿಕೊಂಡಿದ್ದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಅದರ ಚಿಕಿತ್ಸೆಯೇ ಬೇರೆ, ತಡಮಾಡಿದರೆ ಕೀಲುಗಳು ಹಾಳಾಗುತ್ತವೆ. ಮಂಡಿ ಏಕಾಏಕಿ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಕೀಲಿನೊಳಗೆ ಸೋಂಕು ತಗುಲಿರುವ ಸಂಭವವಿರುವುದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿದ್ದ ಮೇಲೆ ಕಾಲೂರಲು ಆಗದಿದ್ದರೂ, ಮಂಡಿ ಮಡಿಚಿದ ಸ್ಥಿತಿಯಲ್ಲಿಯೇ ಸಿಕ್ಕಿಹಾಕಿಕೊಂಡು ನೆಟ್ಟಗಾಗದಿದ್ದರೂ ವ್ಯಾಯಾಮಕ್ಕಿಂತ ಮೊದಲು ಮೂಳೆ ವೈದ್ಯರನ್ನು ಕಾಣಬೇಕು.

ಎಕ್ಸ್‌ರೇ ಬೇಕೆಂದು ವೈದ್ಯರು ಹೇಳಿದರೆ, ನಿಂತ ಭಂಗಿಯಲ್ಲಿ ತೆಗೆಯಬೇಕೇ ಎಂದು ಕೇಳಿಕೊಳ್ಳಿ. ಮಲಗಿಸಿ ತೆಗೆದ ಚಿತ್ರದಲ್ಲಿ ಮೂಳೆಗಳ ನಡುವಿನ ಅಂತರ ಎಷ್ಟು ಕಿರಿದಾಗಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಚಿತ್ರ ನೋಡಿ ಗಾಬರಿಯಾಗಬೇಡಿ. ಬಹಳ ಸವೆದಂತೆ ಕಾಣುವ ಮಂಡಿಯವರು ನೋವಿಲ್ಲದೆ ಓಡಾಡಿಕೊಂಡಿರುವುದುಂಟು, ಅಲ್ಪ ಸವೆತವಿರುವವರು ನರಳುವುದೂ ಉಂಟು. ಎಂಆರ್‌ಐ ವರದಿಯ 'ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಹರಿದಿದೆ' ಎಂಬ ಸಾಲು ಕೂಡ ಹಾಗೆಯೇ: ವಯಸ್ಸಾದವರಲ್ಲಿ ನೋವೇ ಇಲ್ಲದವರ ಮಂಡಿಯಲ್ಲಿಯೂ ಅದು ಸಾಕಷ್ಟು ಕಾಣಸಿಗುತ್ತದೆ.

ಚಿಕಿತ್ಸೆಯ ಬೆನ್ನೆಲುಬು ವ್ಯಾಯಾಮ. ಮೊದಲನೆಯದನ್ನು ಹಾಸಿಗೆಯ ಮೇಲೆಯೇ ಮಾಡಬಹುದು. ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಅದುಮಿ, ತೊಡೆ ಬಿಗಿಯಾದದ್ದು ಅರಿವಿಗೆ ಬರುವಂತೆ 5 ಸೆಕೆಂಡು ಹಿಡಿದು ಬಿಡಬೇಕು. ಎರಡನೆಯದಕ್ಕೆ ಅಂಗಾತ ಮಲಗಿ, ಒಂದು ಕಾಲನ್ನು ಮಡಿಚಿಟ್ಟು, ಇನ್ನೊಂದನ್ನು ಮಂಡಿ ಬಾಗದಂತೆ ಒಂದು ಅಡಿಯಷ್ಟು ಎತ್ತಿ, 5 ಸೆಕೆಂಡು ನಿಲ್ಲಿಸಿ ನಿಧಾನವಾಗಿ ಇಳಿಸಬೇಕು. ಮೂರನೆಯದು ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು. ಸೊಂಟದ ಬದಿಯ ಸ್ನಾಯುಗಳು ಗಟ್ಟಿಯಾದರೆ ನಡೆಯುವಾಗ ಮೈ ಓಲಾಡುವುದು ಕಡಿಮೆಯಾಗುತ್ತದೆ. ಪ್ರತಿಯೊಂದನ್ನೂ 10 ಸಲ ಮಾಡಿ. ಉಸಿರು ಕಟ್ಟಬೇಡಿ, ರಕ್ತದೊತ್ತಡವಿರುವವರಂತೂ ಇದನ್ನು ಮರೆಯಲೇಬಾರದು.

ಇವೆಲ್ಲವುಗಳಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮಕ್ಕೆ, ಏಕೆಂದರೆ ದಿನನಿತ್ಯ ನಾವು ಸೋಲುವುದು ಅಲ್ಲಿಯೇ. ಕುರ್ಚಿಯನ್ನು ಗೋಡೆಗೆ ಆನಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ತುಸು ಮುಂದೆ ಬಾಗಿ ಎದ್ದು ನಿಲ್ಲಬೇಕು. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತ ಇಳಿಯಬೇಕು. ಆರಂಭದಲ್ಲಿ ಕಷ್ಟವಾದರೆ ಕುರ್ಚಿಯ ಮೇಲೆ ಮಡಿಸಿದ ಜಮಖಾನ ಹಾಕಿ ಎತ್ತರಿಸಿಕೊಂಡು, ಶಕ್ತಿ ಬಂದಂತೆ ಅದನ್ನು ತೆಗೆಯುತ್ತ ಬನ್ನಿ. ವಾರಕ್ಕೆ ಮೂರು ದಿನವಾದರೂ ಮಾಡಿದರೆ, ಆರರಿಂದ ಎಂಟು ವಾರಗಳಲ್ಲಿ ವ್ಯತ್ಯಾಸ ತಿಳಿಯತೊಡಗುತ್ತದೆ. ವ್ಯಾಯಾಮದ ಸಮಯದಲ್ಲಿ ಸಹಿಸಬಹುದಾದಷ್ಟು ನೋವು ಬಂದರೆ ಹೆದರಬೇಕಿಲ್ಲ, ಆದರೆ ಮರುದಿನವೂ ಹೆಚ್ಚಿದ ನೋವು ಇಳಿಯದಿದ್ದರೆ ಅಥವಾ ಮಂಡಿ ಊದಿದ್ದರೆ ಮುಂದಿನ ಸಲ ಅರ್ಧದಷ್ಟು ಮಾಡಿ. ಪೂರ್ತಿ ಬಿಡುವುದು ಬೇಡ.

ನಡಿಗೆಗೆ ಬೆಂಗಳೂರಿನಲ್ಲಿ ಸಮತಟ್ಟಾದ ಜಾಗ ಹುಡುಕಿಕೊಳ್ಳುವುದೇ ಮೊದಲ ಕೆಲಸ. ಚಪ್ಪಡಿ ಎದ್ದ ಪುಟ್‌ಪಾತಿನಲ್ಲಿ ಕಾಲು ಉಳುಕುವುದಕ್ಕಿಂತ ಲಾಲ್‌ಬಾಗ್ ಅಥವಾ ಕಬ್ಬನ್ ಪಾರ್ಕಿನ ಒಳರಸ್ತೆಗಳು, ಇಲ್ಲವೇ ಬಡಾವಣೆಯ ಪಾರ್ಕು ಒಳ್ಳೆಯದು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಆರಂಭದಲ್ಲಿ ಏರಬೇಡಿ, ಏಕೆಂದರೆ ಇಳಿಜಾರು ಮಂಡಿಚಿಪ್ಪಿನ ಹಿಂದೆ ಒತ್ತಡ ಹೆಚ್ಚಿಸುತ್ತದೆ. ಒಂದೇ ಸಲ 40 ನಿಮಿಷ ಆಗದಿದ್ದರೆ ಹತ್ತತ್ತು ನಿಮಿಷವಾಗಿ ಹಂಚಿಕೊಳ್ಳಿ. ಊರುಗೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು, ಅದರ ಹಿಡಿ ಇಳಿಬಿಟ್ಟ ಕೈಯ ಮಣಿಕಟ್ಟಿನ ಮಟ್ಟಕ್ಕಿರಬೇಕು. ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಬಳಸಲು ಸಂಕೋಚಪಡಬೇಡಿ.

ಮನೆಯಲ್ಲಿ ಬದಲಿಸಲೇಬೇಕಾದ್ದು ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ. ಕಮೋಡ್ ಹಾಕಿಸಿ, ಪಕ್ಕದ ಗೋಡೆಗೆ ಹಿಡಿಕೆಯನ್ನೂ ಕೂರಿಸಿ. ಚಕ್ಕಳಮಕ್ಕಳ ಹಾಕಿ ಕೂರುವುದು ನೋವಿಲ್ಲದೆ ಆಗುವವರಿಗೆ ಅದನ್ನು ನಿಷೇಧಿಸಬೇಕಾಗಿಲ್ಲ, ಆದರೆ ನೋವಿರುವವರು ಪೂಜೆಗೂ ಊಟಕ್ಕೂ ಕುರ್ಚಿ ಬಳಸುವುದರಲ್ಲಿ ಯಾವ ಲೋಪವೂ ಇಲ್ಲ.

ತೂಕ ಹೆಚ್ಚಿದ್ದರೆ ಇಳಿಸಲೇಬೇಕು. ದೇಹದ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋದಷ್ಟು ಇಳಿಯುತ್ತದೆ.

ಔಷಧದಲ್ಲಿ ಮಂಡಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ಲಿನಿಂದ ಆರಂಭಿಸುವುದು ಲೇಸು. ಅದೇ ವರ್ಗದ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ಕೇಳಿ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆ ಹುಣ್ಣಿಗೂ ಮೂತ್ರಪಿಂಡದ ಹಾನಿಗೂ ದಾರಿ. ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ಒಂದನ್ನೂ ತೆಗೆದುಕೊಳ್ಳಬಾರದು. ಹೆಸರಿಲ್ಲದ ಪೊಟ್ಟಣಗಳಲ್ಲಿ ಸಿಗುವ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಅಪಾಯವಿದೆ, ಅವುಗಳನ್ನು ದೂರವಿಡಿ. ಕೀಲುನೋವಿಗೆಂದು ಮಾರುವ ಪೂರಕ ಮಾತ್ರೆಯಾದ ಗ್ಲುಕೋಸಮೈನ್ ಬಗ್ಗೆ 1,583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಒಟ್ಟಾರೆಯಾಗಿ ನೋಡಿದರೆ ಔಷಧವಿಲ್ಲದ ಹುಸಿಮಾತ್ರೆಗಿಂತ ಗಣನೀಯ ಹೆಚ್ಚಿನ ಫಲ ಕಾಣಲಿಲ್ಲ. ಆ ಹಣವನ್ನು ಒಳ್ಳೆಯ ಫಿಸಿಯೋಥೆರಪಿಸ್ಟರಿಗೆ ಕೊಡುವುದು ಮೇಲು. ಕೀಲಿನೊಳಗಿನ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಉಪಶಮನ ಕೊಡಬಲ್ಲದು. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರಿಯ ಉಪ್ಪುನೀರು ಪಡೆದವರಿಗಿಂತ ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿಯೇ ಹೆಚ್ಚು ಕರಗಿತ್ತು.

ಇಷ್ಟೆಲ್ಲ ಮಾಡಿಯೂ ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ, ಮನೆಯೊಳಗೆ ಓಡಾಡುವುದೂ ಕಷ್ಟವಾದರೆ ಮಂಡಿ ಬದಲಾವಣೆಯ ಬಗ್ಗೆ ಯೋಚಿಸಬಹುದು. ತೂತಿನ ಮೂಲಕ ಕೀಲನ್ನು ತೊಳೆದು ಸವರುವ ಆರ್ತ್ರೋಸ್ಕೋಪಿ ಮಾತ್ರ ಸವೆತಕ್ಕೆ ಉಪಯೋಗವಿಲ್ಲ ಎಂದು 2002ರಷ್ಟು ಹಿಂದೆಯೇ, ಸುಳ್ಳು ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದ ಪ್ರಯೋಗ ತೋರಿಸಿದೆ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟಿನಲ್ಲಿ ಮಿತಿ ಹಾಕಿದೆಯಾದ್ದರಿಂದ, ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡಿನವರು ಜಯನಗರದ ಸಂಜಯ್ ಗಾಂಧಿ ಆಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆಯಂತಹ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು. ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಉಳಿಯುತ್ತವೆಂದು 2019ರ ವಿಶ್ಲೇಷಣೆಯೊಂದು ಅಂದಾಜಿಸಿದೆ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಮೇಲೂ ಮೇಲಿನ ವ್ಯಾಯಾಮಗಳನ್ನು ಮುಂದುವರಿಸಿ, ಕಮೋಡ್ ಮತ್ತು ಎತ್ತರದ ಕುರ್ಚಿಯನ್ನು ಆಸ್ಪತ್ರೆಗೆ ಸೇರುವ ಮೊದಲೇ ಮನೆಯಲ್ಲಿ ಸಿದ್ಧಪಡಿಸಿಡಿ. ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ.