ನಿಮ್ಮ ಮೆಚ್ಚಿನ ಆಟಗಾರ ತಂಡದಲ್ಲೇ ಉಳಿಯುತ್ತಾರಾ? ಬೇಸ್‌ಬಾಲ್ ಸಂಬಳದ ಪಟ್ಟಿ ಓದುವುದು ಹೀಗೆ

ನಮ್ಮನೆ ಕಪಾಟಿನಲ್ಲಿ ಒಂದು ಬಿಳಿ ಅಂಗಿ ಇದೆ. ಬೆನ್ನ ಮೇಲೆ ಕೆಂಪು ಬಣ್ಣದ 50. ಹೆಸರಿಲ್ಲ. ಬಾಸ್ಟನ್ ರೆಡ್ ಸಾಕ್ಸ್ ತಂಡದವರು ತವರಿನ ಬಿಳಿ ಅಂಗಿಗೆ ಹೆಸರು ಹಾಕುವುದಿಲ್ಲ, ಅಂಕಿ ಮಾತ್ರ. ಆದರೂ 50 ಅಂದರೆ ಮೂಕಿ ಬೆಟ್ಸ್ ಅಂತ ಈ ಊರಿನ ಮಕ್ಕಳಿಗೆಲ್ಲ ಗೊತ್ತಿತ್ತು. 2020ರ ಫೆಬ್ರುವರಿಯಲ್ಲಿ ಬೆಟ್ಸ್ ಅವರನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ಕೊಟ್ಟುಬಿಟ್ಟರು. ಆ ಸಂಜೆ ಮಗಳು ಅಂಗಿ ಬಿಚ್ಚಿ ಮಡಚಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ನಮ್ ಟೀಮ್ ಹತ್ರ ದುಡ್ಡಿಲ್ವಾ?"

ದುಡ್ಡಿತ್ತು. 2018ರಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಸಂಬಳ ಕೊಟ್ಟ ತಂಡ ಇದು. ಆ ವರ್ಷ 108 ಪಂದ್ಯ ಗೆದ್ದು ವರ್ಲ್ಡ್ ಸೀರೀಸ್, ಅಂದರೆ ಫೈನಲ್ ಸರಣಿ, ಕೂಡ ಗೆದ್ದಿತ್ತು. ಬೆಟ್ಸ್ ಅಮೆರಿಕನ್ ಲೀಗ್‌ನ (ಇಡೀ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಅತ್ಯುತ್ತಮ ಆಟಗಾರ ಆಗಿದ್ದರು. ಹಾಗಿದ್ದೂ ಒಂದೂವರೆ ವರ್ಷದೊಳಗೆ ಅವರು ತಂಡದಲ್ಲಿ ಇಲ್ಲ. ಯಾಕೆ ಅಂತ ತಿಳಿಯಲು ಆ ರಾತ್ರಿ ಅಡುಗೆಮನೆ ಮೇಜಿನ ಮೇಲೆ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡು ಕೂತೆ. ಅವತ್ತು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನೀವು ಯಾವ ತಂಡದ ಅಭಿಮಾನಿಯಾದರೂ ಇದೇ ರೀತಿ ಲೆಕ್ಕ ಹಾಕಬಹುದು.

ಮೊದಲು: ಐಪಿಎಲ್ ಲೆಕ್ಕ ಮರೆತುಬಿಡಿ

ನಮಗೆಲ್ಲ ಐಪಿಎಲ್ ಹರಾಜು ಚೆನ್ನಾಗಿ ಗೊತ್ತು. ತಂಡದ ಪರ್ಸ್‌ಗೆ ಒಂದು ಮಿತಿ ಇದೆ. ಆಟಗಾರ ಫಾರ್ಮ್ ಕಳೆದುಕೊಂಡರೆ ವರ್ಷದ ಕೊನೆಯಲ್ಲಿ ಬಿಟ್ಟುಬಿಡಬಹುದು, ಆ ಹಣ ಪರ್ಸ್‌ಗೆ ವಾಪಸ್ ಬರುತ್ತದೆ.

ಬೇಸ್‌ಬಾಲ್‌ನಲ್ಲಿ ಎರಡೂ ಇಲ್ಲ. ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿಯಿಲ್ಲ. ಆದರೆ ಒಮ್ಮೆ ಸಹಿ ಹಾಕಿದ ಹಣ ಕೊಡಲೇಬೇಕು. ಆಟಗಾರ ಗಾಯಗೊಂಡು ಮನೆಯಲ್ಲಿ ಕೂತರೂ ಕೊಡಬೇಕು. ತಂಡವೇ ಬೇಡ ಅಂತ ಕಳಿಸಿದರೂ ಕೊಡಬೇಕು. ಪಾಬ್ಲೋ ಸಾಂಡೋವಲ್ ಅವರನ್ನು ರೆಡ್ ಸಾಕ್ಸ್ 2014ರ ನವೆಂಬರ್‌ನಲ್ಲಿ 5 ವರ್ಷಕ್ಕೆ 9.5 ಕೋಟಿ ಡಾಲರ್‌ಗೆ ತಂದಿತ್ತು. ಆಟ ಕೈಗೂಡಲಿಲ್ಲ. 2017ರ ಜುಲೈನಲ್ಲಿ ಬಿಟ್ಟುಕೊಟ್ಟಿತು. ಅವರು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಅಲ್ಲಿಯ ಅಂಗಿ ತೊಟ್ಟು ಆಡುತ್ತಿದ್ದರೆ, ಸಂಬಳದ ಬಹುಪಾಲು ಬಾಸ್ಟನ್‌ನಿಂದಲೇ ಹೋಗುತ್ತಿತ್ತು. ಸುಮಾರು 5 ಕೋಟಿ ಡಾಲರ್ ಹಾಗೇ ಹೋಯಿತು.

ಇಷ್ಟು ತಲೆಯಲ್ಲಿದ್ದರೆ ಮುಂದಿನದು ಸುಲಭ.

ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ

ಹೆಸರು, ವರ್ಷಕ್ಕೆ ಸರಾಸರಿ ಸಂಬಳ, ಒಪ್ಪಂದ ಮುಗಿಯುವಾಗ ವಯಸ್ಸು, ಹಿಂದಿನ ವರ್ಷದ ಆಟ. ಸರಾಸರಿ ಯಾಕೆ? ಲೀಗ್ ತೆರಿಗೆ ಹಾಕುವಾಗ ಆ ವರ್ಷ ಕೈಗೆ ಕೊಟ್ಟ ಹಣ ನೋಡುವುದಿಲ್ಲ, ಒಪ್ಪಂದದ ಒಟ್ಟು ಹಣವನ್ನು ವರ್ಷಗಳಿಂದ ಭಾಗಿಸಿ ನೋಡುತ್ತದೆ. ತೆರಿಗೆ ವಿಷಯಕ್ಕೆ ಆಮೇಲೆ ಬರುತ್ತೇನೆ.

2020ರ ಆರಂಭದಲ್ಲಿ ನನ್ನ ಹಾಳೆ ಹೀಗಿತ್ತು. ಪಿಚರ್ (ಚೆಂಡೆಸೆಯುವವರು) ಡೇವಿಡ್ ಪ್ರೈಸ್ 3.1 ಕೋಟಿ ಡಾಲರ್. ಇನ್ನೊಬ್ಬ ಪಿಚರ್ ಕ್ರಿಸ್ ಸೇಲ್ ಸುಮಾರು 2.5 ಕೋಟಿ. ಬ್ಯಾಟರ್ ಜೆ.ಡಿ. ಮಾರ್ಟಿನೆಜ್ 2.2 ಕೋಟಿ. ಜ್ಯಾಂಡರ್ ಬೋಗಾರ್ಟ್ಸ್ 2 ಕೋಟಿ. ನೇಥನ್ ಇಯೋವಾಲ್ಡಿ 1.7 ಕೋಟಿ. ಡಸ್ಟಿನ್ ಪೆಡ್ರೋಯಾ ಸುಮಾರು 1.3 ಕೋಟಿ. ಆರು ಜನಕ್ಕೇ 12.8 ಕೋಟಿ ಆಯಿತು. ಇನ್ನೂ ಬೆಟ್ಸ್ ಹೆಸರು ಬರೆದೇ ಇಲ್ಲ. ಅವರ ಆ ವರ್ಷದ ಸಂಬಳ 2.7 ಕೋಟಿ. ಸೇರಿಸಿದರೆ 15.5 ಕೋಟಿ.

ಈಗ ಕೊನೆಯ ಕಾಲಂ. ಇಲ್ಲಿ ಪೆನ್ಸಿಲ್ ನಿಂತಿತು. ಹಿಂದಿನ ವರ್ಷ, ಅಂದರೆ 2019ರಲ್ಲಿ, ಪೆಡ್ರೋಯಾ ಆಡಿದ್ದು 6 ಪಂದ್ಯ. 2017ರಲ್ಲಿ ಎದುರಾಳಿ ಓಟಗಾರ ಜಾರಿ ಬಂದು ಬಡಿದ ಮೊಣಕಾಲು ವಾಸಿಯಾಗಲೇ ಇಲ್ಲ. ಇಯೋವಾಲ್ಡಿ ಗಾಯದಿಂದಾಗಿ 12 ಪಂದ್ಯಗಳನ್ನಷ್ಟೇ ಶುರು ಮಾಡಿದರು (ಮೊದಲ ಚೆಂಡಿನಿಂದ ಎಸೆದರು), ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಸುಮಾರು 6 ರನ್ ಕೊಟ್ಟರು. ಸೇಲ್ ಹೆಸರಿಗೆ 6 ಗೆಲುವು, 11 ಸೋಲು ಬಂತು, ಆಗಸ್ಟ್‌ನಲ್ಲಿ ಮೊಣಕೈ ಕೈಕೊಟ್ಟಿತು. ಪ್ರೈಸ್ 22 ಪಂದ್ಯ ಶುರು ಮಾಡಿದರು, ಹಳೆಯ ಬಿಗಿ ಇರಲಿಲ್ಲ. ಈ ನಾಲ್ವರ ಸಂಬಳವೇ ವರ್ಷಕ್ಕೆ 8.6 ಕೋಟಿ. ಮೂರು ಬೆಟ್ಸ್‌ಗಳಿಗೆ ಸಾಕಾಗುವಷ್ಟು ಹಣ, ಅಲ್ವಾ?

ಒಂದು ಮಾತು ಹೇಳಲೇಬೇಕು. ಇವರನ್ನು ಬೈಯುವುದು ತಪ್ಪು. 2018ರ ವರ್ಲ್ಡ್ ಸೀರೀಸ್ ಗೆಲ್ಲಿಸಿದ ಕೊನೆಯ ಪಂದ್ಯದಲ್ಲಿ ಪಿಚ್ ಮಾಡಿದ್ದು ಇದೇ ಪ್ರೈಸ್, ಏಳು ಇನ್ನಿಂಗ್ಸ್ ದಾಟಿ ಒಂದೇ ರನ್ ಕೊಟ್ಟರು. ಅದೇ ಸರಣಿಯ 18 ಇನ್ನಿಂಗ್ಸ್‌ನ ಮೂರನೇ ಪಂದ್ಯದಲ್ಲಿ ಇಯೋವಾಲ್ಡಿ ನಡುವೆ ಬಂದು ಆರು ಇನ್ನಿಂಗ್ಸ್‌ಗೂ ಜಾಸ್ತಿ ಎಸೆದರು. ತಂಡ ಸೋತಿತು, ಆದರೆ ಅವರನ್ನು ಊರೇ ಎತ್ತಿ ಆಡಿಸಿತು. ಒಂದೂವರೆ ತಿಂಗಳಲ್ಲಿ 4 ವರ್ಷಕ್ಕೆ 6.8 ಕೋಟಿಯ ಒಪ್ಪಂದ. ನಾನೂ ಅವತ್ತು ಚಪ್ಪಾಳೆ ತಟ್ಟಿದೆ. ಒಪ್ಪಂದಗಳು ಹೀಗೇ ಆಗುತ್ತವೆ: ಮಾಡಿ ಮುಗಿಸಿದ ಆಟಕ್ಕೆ ಮುಂದಿನ ವರ್ಷಗಳ ಹಣ ಕೊಡುತ್ತಾರೆ.

ವಯಸ್ಸಿನ ಕಾಲಂ ಬಿಡಬೇಡಿ

ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ ಅಂತ ನಾವು ಹೇಳುತ್ತೇವೆ. ಬೇಸ್‌ಬಾಲ್‌ನಲ್ಲಿ ಹುಳಿಗೂ ಮುಪ್ಪು ಬರುತ್ತದೆ.

ಆಲ್ಬರ್ಟ್ ಪೂಹೋಲ್ಸ್ ಕಥೆ ನೋಡಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ 11 ವರ್ಷ, ಬ್ಯಾಟಿಂಗ್ ಸರಾಸರಿ .328 (ಸಾವಿರ ಸರದಿಗೆ 328 ಹಿಟ್), ಮೂರು ಸಲ ಲೀಗ್‌ನ ಅತ್ಯುತ್ತಮ ಆಟಗಾರ. 2011ರ ಡಿಸೆಂಬರ್‌ನಲ್ಲಿ ಏಂಜಲ್ಸ್ ತಂಡ ಅವರಿಗೆ 10 ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟಿತು. ಹೊಸ ತಂಡಕ್ಕೆ ಮೊದಲ ಪಂದ್ಯ ಆಡುವಾಗ ವಯಸ್ಸು 32, ಒಪ್ಪಂದ ಮುಗಿಯುವಾಗ 41. ಏಂಜಲ್ಸ್‌ನಲ್ಲಿ ಅವರ ಸರಾಸರಿ .256ಕ್ಕೆ ಇಳಿಯಿತು. ಕೊನೆಯ ವರ್ಷ ಸಂಬಳ 3 ಕೋಟಿ ಡಾಲರ್ ಇರುವಾಗಲೇ, 2021ರ ಮೇ ತಿಂಗಳಲ್ಲಿ ತಂಡ ಅವರನ್ನು ಕೈಬಿಟ್ಟಿತು.

ತಂಡಗಳು ದಡ್ಡರೇನಲ್ಲ, ಅವರಿಗೂ ಇದು ಗೊತ್ತು. ಆದರೆ ಆಟಗಾರ ಮಾರುಕಟ್ಟೆಗೆ ಬರುವುದೇ ತಡವಾಗಿ. ಮೇಜರ್ ಲೀಗ್‌ನಲ್ಲಿ, ಅಂದರೆ ಈ ಉನ್ನತ ಲೀಗ್‌ನಲ್ಲಿ, ಆರು ವರ್ಷ ಸೇವೆ ಮುಗಿಯುವ ತನಕ ಬೇರೆ ತಂಡ ಸೇರುವ ಹಕ್ಕಿಲ್ಲ. ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ. ಬೆಟ್ಸ್ ಅವರಿಗೆ 2017ರಲ್ಲಿ ಸಿಕ್ಕಿದ್ದು 10 ಲಕ್ಷ ಡಾಲರ್‌ಗೂ ಕಡಿಮೆ. ನಂತರದ ವರ್ಷಗಳಲ್ಲಿ ತಂಡ ಒಂದು ಮೊತ್ತ ಹೇಳುತ್ತದೆ, ಆಟಗಾರ ಒಂದು ಹೇಳುತ್ತಾರೆ, ಒಪ್ಪದಿದ್ದರೆ ಮಧ್ಯಸ್ಥರು ಎರಡರಲ್ಲಿ ಒಂದನ್ನು ಆರಿಸುತ್ತಾರೆ. 2018ಕ್ಕೆ ಬೆಟ್ಸ್ ಕೇಳಿದ್ದು 1.05 ಕೋಟಿ, ತಂಡ ಹೇಳಿದ್ದು 75 ಲಕ್ಷ. ಬೆಟ್ಸ್ ಗೆದ್ದರು. ಎಳೆ ವಯಸ್ಸಿನ ಒಳ್ಳೆಯ ಆಟ ಅಗ್ಗಕ್ಕೆ ಸಿಗುತ್ತದೆ, ಅದರ ಬಾಕಿಯನ್ನು 30 ದಾಟಿದ ಮೇಲೆ ಯಾವುದೋ ತಂಡ ತೀರಿಸುತ್ತದೆ. ಹಿರಿಯರ ದೊಡ್ಡ ಒಪ್ಪಂದದ ಗುಟ್ಟು ಇದೇ. ನನಗೆ ಈ ಪದ್ಧತಿ ನ್ಯಾಯ ಅನ್ನಿಸುವುದಿಲ್ಲ, ಆದರೆ ಇರುವುದು ಹೀಗೆ.

ಈಗ ತೆರಿಗೆ ಗೆರೆ ಎಳೆಯಿರಿ

ಲೀಗ್ ಪ್ರತಿ ವರ್ಷಕ್ಕೂ ಒಂದು ಗೆರೆ ಹಾಕುತ್ತದೆ. 2020ಕ್ಕೆ ಅದು 20.8 ಕೋಟಿ ಡಾಲರ್ ಇತ್ತು, 2025ಕ್ಕೆ 24.1 ಕೋಟಿ. ತಂಡದ ಒಟ್ಟು ಲೆಕ್ಕ ಗೆರೆ ದಾಟಿದರೆ, ದಾಟಿದ ಹಣದ ಮೇಲೆ ತೆರಿಗೆ. ಮೊದಲ ಸಲ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50. ತೀರಾ ಜಾಸ್ತಿ ದಾಟಿದರೆ ಇನ್ನಷ್ಟು ಸೇರುತ್ತದೆ, ಜೊತೆಗೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಸರದಿ 10 ಸ್ಥಾನ ಹಿಂದೆ ಹೋಗುತ್ತದೆ. ರೆಡ್ ಸಾಕ್ಸ್‌ಗೆ 2018ರ ಖರ್ಚಿಗಾಗಿ ಹಾಗೇ ಆಯಿತು. ಒಂದು ವರ್ಷ ಗೆರೆಯ ಕೆಳಗೆ ಬಂದರೆ ಮಾತ್ರ ಮತ್ತೆ ಶೇ 20ರಿಂದ ಶುರು.

ನನ್ನ ಹಾಳೆಗೆ ಹಿಂತಿರುಗೋಣ. 20.8ರಲ್ಲಿ 15.5 ಕಳೆಯಿರಿ, 5.3 ಕೋಟಿ ಉಳಿಯಿತು. ಆಟಗಾರರ ವಿಮೆ, ಪಿಂಚಣಿ ಮುಂತಾದ ಸೌಲಭ್ಯಗಳ ಪಾಲು ಅಂತ ಪ್ರತಿ ತಂಡದ ಲೆಕ್ಕಕ್ಕೆ ಆಗ ಸುಮಾರು 1.5 ಕೋಟಿ ಸೇರುತ್ತಿತ್ತು. ಉಳಿದಿದ್ದು 3.8 ಕೋಟಿ. ತೆರಿಗೆ ಲೆಕ್ಕಕ್ಕೆ ಬರುವ ಪಟ್ಟಿಯಲ್ಲಿ 40 ಜನ. ಅಂದರೆ ಉಳಿದ 33 ಜನಕ್ಕೆ ಇಷ್ಟೇ ಹಣ. ಅದರಲ್ಲಿ ಒಬ್ಬರೇ, ಜಾಕಿ ಬ್ರ್ಯಾಡ್ಲಿ, 1.1 ಕೋಟಿಯ ಆಟಗಾರ.

ಸಾಲುವುದಿಲ್ಲ. 2018, 2019 ಎರಡೂ ವರ್ಷ ತಂಡ ತೆರಿಗೆ ಕಟ್ಟಿಯಾಗಿತ್ತು. ಮೂರನೇ ವರ್ಷ ದಾಟಿದರೆ ಶೇ 50. ಗೆರೆಯ ಕೆಳಗೆ ಬರಬೇಕು ಅಂತ ಮಾಲೀಕರು ಬಹಿರಂಗವಾಗಿಯೇ ಹೇಳಿದ್ದರು.

ಇಲ್ಲೇ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಗೆರೆ ಅನ್ನುವುದು ಗೋಡೆಯಲ್ಲ. 2 ಕೋಟಿ ದಾಟಿದ್ದರೆ ತೆರಿಗೆ 1 ಕೋಟಿ ಡಾಲರ್. ಅಷ್ಟು ಕೊಡುವ ಶಕ್ತಿ ಈ ತಂಡಕ್ಕೆ ಇತ್ತು. ಹಳೆಯ ಒಪ್ಪಂದಗಳು ದಾರಿ ಕಿರಿದು ಮಾಡಿದವು ನಿಜ, ಆದರೆ ಮುಚ್ಚಲಿಲ್ಲ. ಬೆಟ್ಸ್ ಅವರನ್ನು ಬಿಡುವುದು ಮಾಲೀಕರು ಮಾಡಿಕೊಂಡ ಆಯ್ಕೆ. ಮಗಳ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಅದು.

ತಾರೆಯ ಗಡಿಯಾರ ನೋಡಿ

ಬೆಟ್ಸ್ ಮೊದಲ ಪಂದ್ಯ ಆಡಿದ್ದು 2014ರ ಸೀಸನ್ ನಡುವೆ, 2019 ಮುಗಿದಾಗ ಆರು ವರ್ಷ ಪೂರ್ತಿ ಆಗಿರಲಿಲ್ಲ. ಹಾಗಾಗಿ 2020 ಮುಗಿದ ಮೇಲೆ ಅವರು ಸ್ವತಂತ್ರರು. ವರದಿಗಳ ಪ್ರಕಾರ ತಂಡ ಅವರಿಗೆ 10 ವರ್ಷಕ್ಕೆ 30 ಕೋಟಿಯ ಮಾತು ಆಡಿತ್ತು, ಅವರು ಒಪ್ಪಲಿಲ್ಲ. ತಾರೆಯ ಕೊನೆಯ ವರ್ಷ ಮತ್ತು ಹಿರಿಯರ ದೊಡ್ಡ ಒಪ್ಪಂದದ ನಡುಗಾಲ ಒಟ್ಟಿಗೇ ಬಂದರೆ ಎಚ್ಚರ ವಹಿಸಿ. ಪ್ರೈಸ್ ಒಪ್ಪಂದಕ್ಕೆ ಇನ್ನೂ 3 ವರ್ಷ, 9.6 ಕೋಟಿ ಡಾಲರ್ ಬಾಕಿ ಇತ್ತು.

ಟ್ರೇಡ್ ಆದಾಗ ಯಾರ ಜೊತೆ ಯಾರು ಹೋದರು?

ಡಾಡ್ಜರ್ಸ್‌ಗೆ ಹೋದದ್ದು ಬೆಟ್ಸ್ ಒಬ್ಬರೇ ಅಲ್ಲ. ಪ್ರೈಸ್ ಕೂಡ ಹೋದರು. ಕಹಿ ಮದ್ದು ನುಂಗಿಸಲು ಜೊತೆಗೆ ಬೆಲ್ಲ ಕೊಡುತ್ತೇವಲ್ಲ, ಹಾಗೆ. ಪ್ರೈಸ್ ಅವರ ಬಾಕಿ ಸಂಬಳವನ್ನು ಬೇರೆಯವರ ತಲೆಗೆ ದಾಟಿಸಲು ಬೆಟ್ಸ್ ಅನ್ನುವ ಬೆಲ್ಲ ಬೇಕಾಯಿತು. ಅಷ್ಟು ಮಾಡಿಯೂ ಆ ಬಾಕಿಯ ಅರ್ಧ, 4.8 ಕೋಟಿ ಡಾಲರ್, ಬಾಸ್ಟನ್ ತಲೆ ಮೇಲೇ ಉಳಿಯಿತು. ಬದಲಿಗೆ ಬಂದವರು ಅಲೆಕ್ಸ್ ವರ್ಡೂಗೊ, ಜೀಟರ್ ಡೌನ್ಸ್, ಕಾನರ್ ವಾಂಗ್.

ಆಮೇಲಿನದನ್ನು ಬೇಗ ಹೇಳುತ್ತೇನೆ, ಬರೆಯಲು ಈಗಲೂ ಬೇಜಾರು. ಜುಲೈನಲ್ಲಿ ಡಾಡ್ಜರ್ಸ್ ಬೆಟ್ಸ್ ಜೊತೆ 12 ವರ್ಷಕ್ಕೆ 36.5 ಕೋಟಿಯ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. ಬಾಸ್ಟನ್ 60 ಪಂದ್ಯಗಳ ಆ ಚಿಕ್ಕ ಸೀಸನ್‌ನಲ್ಲಿ 24 ಗೆದ್ದು ತನ್ನ ವಿಭಾಗದಲ್ಲಿ ಕೊನೆಯ ಸ್ಥಾನ ಪಡೆಯಿತು. ಗೆರೆಯ ಕೆಳಗೆ ಮಾತ್ರ ಬಂದಿತ್ತು.

ಇನ್ನೊಂದು ತಂಡದ ಹಾಳೆ

ಏಂಜಲ್ಸ್ ಇನ್ನೂ ನೋವಿನ ಉದಾಹರಣೆ. ಪೂಹೋಲ್ಸ್ ಒಪ್ಪಂದಕ್ಕೆ ಇನ್ನೂ ಎರಡು ಸೀಸನ್ ಬಾಕಿ ಇರುವಾಗಲೇ, 2019ರ ಡಿಸೆಂಬರ್‌ನಲ್ಲಿ ಆಂಥನಿ ರೆಂಡೋನ್ ಅವರಿಗೆ 7 ವರ್ಷಕ್ಕೆ 24.5 ಕೋಟಿ ಕೊಟ್ಟರು. ಅದೇ ವರ್ಷ ಮೈಕ್ ಟ್ರೌಟ್ ಅವರಿಗೂ 12 ವರ್ಷಕ್ಕೆ 42.65 ಕೋಟಿ. ಸರಾಸರಿ ಲೆಕ್ಕದಲ್ಲಿ ಈ ಇಬ್ಬರಿಗೆ ವರ್ಷಕ್ಕೆ ಒಟ್ಟು ಸುಮಾರು 7 ಕೋಟಿ ಡಾಲರ್. 2023ರಲ್ಲಿ ರೆಂಡೋನ್ ಆಡಿದ್ದು 43 ಪಂದ್ಯ, ಟ್ರೌಟ್ 82. ಸೀಸನ್‌ನಲ್ಲಿ ಇರುವುದು 162.

ಅದೇ ತಂಡದಲ್ಲಿ ಶೋಹೆ ಓಟಾನಿ ಪಿಚ್ಚೂ ಮಾಡಿ, ಬ್ಯಾಟೂ ಮಾಡಿ ಎರಡನೇ ಸಲ ಲೀಗ್‌ನ ಅತ್ಯುತ್ತಮ ಆಟಗಾರರಾದರು. ಅವರಿದ್ದ ಆರು ವರ್ಷದಲ್ಲಿ ತಂಡ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಇಬ್ಬರ ಸಂಬಳದ ಭಾರದಲ್ಲಿ ಸುತ್ತಲಿನ ಜಾಗಗಳಿಗೆ, ಅದರಲ್ಲೂ ಪಿಚರ್‌ಗಳಿಗೆ, ಹಣ ಹಾಕಲಾಗಲಿಲ್ಲ. ತಾರೆ ಹೊರಡುವುದು ಬರೀ ಸಂಬಳಕ್ಕಾಗಿ ಅಲ್ಲ, ಗೆಲ್ಲುವ ಆಸೆ ಬತ್ತಿದಾಗಲೂ ಹೊರಡುತ್ತಾರೆ. 2023ರ ಡಿಸೆಂಬರ್‌ನಲ್ಲಿ ಓಟಾನಿ ಡಾಡ್ಜರ್ಸ್ ಸೇರಿದರು, 10 ವರ್ಷಕ್ಕೆ 70 ಕೋಟಿ ಡಾಲರ್. ಏಂಜಲ್ಸ್‌ಗೆ ಸಿಕ್ಕಿದ್ದು ಡ್ರಾಫ್ಟ್‌ನ ಎರಡನೇ ಸುತ್ತು ಮುಗಿದ ಮೇಲೆ ಒಂದು ಹೆಚ್ಚುವರಿ ಸರದಿ.

ಬೇಡ ಅಂದವರಿಗೆ ಏನಾಯಿತು?

ಪೂಹೋಲ್ಸ್ ಹೊರಟಾಗ ಸೇಂಟ್ ಲೂಯಿಸ್‌ನಲ್ಲಿ ಜನ ಅತ್ತರು. ಆದರೆ ಪರಿಹಾರವಾಗಿ ಸಿಕ್ಕ ಏಂಜಲ್ಸ್‌ನ ಡ್ರಾಫ್ಟ್ ಸರದಿಯಲ್ಲಿ ಕಾರ್ಡಿನಲ್ಸ್ ಮೈಕಲ್ ವಾಕಾ ಅನ್ನುವ ಹುಡುಗನನ್ನು ಆರಿಸಿಕೊಂಡಿತು. ಮರುವರ್ಷ 2013ರಲ್ಲಿ ಅವರೇ ಸೆಮಿಫೈನಲ್ ಸರಣಿಯ ಶ್ರೇಷ್ಠ ಆಟಗಾರ. ತಂಡ ವರ್ಲ್ಡ್ ಸೀರೀಸ್ ತಲುಪಿತು.

ಇನ್ನೊಂದು ದಾರಿ, ಎಳೆ ವಯಸ್ಸಿನಲ್ಲೇ ಕಟ್ಟಿಹಾಕುವುದು. ಅಟ್ಲಾಂಟಾ ಬ್ರೇವ್ಸ್ ಇದರಲ್ಲಿ ಪಳಗಿದ ತಂಡ. ರೊನಾಲ್ಡ್ ಅಕೂನ್ಯಾ ಅವರಿಗೆ 2019ರಲ್ಲಿ, 21ನೇ ವಯಸ್ಸಿಗೇ, 8 ವರ್ಷಕ್ಕೆ 10 ಕೋಟಿ ಡಾಲರ್ ಕೊಟ್ಟು ಒಪ್ಪಂದ ಮಾಡಿಕೊಂಡರು. ಹುಡುಗನಿಗೆ ಭದ್ರತೆ, ತಂಡಕ್ಕೆ ಅವನ ಒಳ್ಳೆಯ ವರ್ಷಗಳು.

ಬಾಸ್ಟನ್ನಿನವರೂ ತಡವಾಗಿಯಾದರೂ ಇದನ್ನೇ ಹಿಡಿದಂತಿದೆ. 2025ರ ಜೂನ್‌ನಲ್ಲಿ ಮೊದಲ ಪಂದ್ಯ ಆಡಿದ ರೋಮನ್ ಆಂಥನಿ ಜೊತೆ ಆಗಸ್ಟ್‌ನಲ್ಲೇ ಸಹಿ ಆಯಿತು. ಆ ದಿನ ಮಗಳು ಹಳೆಯ ಹಾಳೆ ಹುಡುಕಿ ತಂದಳು. ಪ್ರೈಸ್ ಹೆಸರಿನ ಮುಂದೆ, ಒಪ್ಪಂದ ಮುಗಿಯುವಾಗ ವಯಸ್ಸು ಅನ್ನುವ ಕಾಲಂನಲ್ಲಿ, ನಾನು ಬರೆದ 37 ಮಾಸಿತ್ತು. ಕೆಳಗೆ ಅವಳೇ ಹೊಸ ಸಾಲು ಬರೆದಳು: ಆಂಥನಿ, 8 ವರ್ಷ, 13 ಕೋಟಿ, ಮುಗಿಯುವಾಗ 29.